ಟಾಕೀಜಿನಿಂದ ಮನೆಗೆ ಬರುವ ದಾರಿಯಲ್ಲಿ



2022ರ ಅಕ್ಟೋಬರ್ ತಿಂಗಳ ಒಂದು ಭಾನುವಾರ. ಬೆಳಗಿನ ಬಲಿಪೂಜೆ ಮುಗಿಸಿ ಚರ್ಚಿನ ಕಟ್ಟೆಯ ಮೇಲೆ ನಿಂತು ಜನರನ್ನು ಮಾತನಾಡಿಸುತ್ತಿದ್ದೆ. ಹೂಲಿ ಕಡೆಯ ಹಿರಿಯ ತಾಯಿಯೊಬ್ಬರು ಎಲ್ಲರೂ ಹೋಗುವ ತನಕ ಕಾದು, ಹತ್ತಿರ ಬಂದು, ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಮೆಲ್ಲಗೆ ಕೇಳಿದರು: "ಫಾದರ್, ನನ್ನ ಮಗಾ ಹುಬ್ಬಳ್ಳಿಗೆ ಕರಕೊಂಡ ಹೋಗಿ ಆ ಕಾಂತಾರ ಸಿನೆಮಾ ತೋರಿಸಿದಾನ್ರಿ. ದೇವರು ಮೈಮ್ಯಾಲ ಬರೋದು ಅದು ಇದು ಎಲ್ಲಾ ಐತ್ರಿ ಅದರಾಗ. ನಾ ನೋಡಿದ್ದು ಪಾಪ ಆತೇನ್ರಿ? ಪಾಪನಿವೇದನಿ ಮಾಡಬೇಕೇನ್ರಿ?"

"ಪಾಪ ಏನಲ್ಲವ್ವಾ, ಸಮಾಧಾನದಿಂದ ಹೋಗಿ ಬರ್ರಿ" ಎಂದು ಕಳುಹಿಸಿದೆ. ಮಧ್ಯಾಹ್ನ ಊಟಕ್ಕೆ ಕುಳಿತಾಗ ನನ್ನ ಉತ್ತರ ನನಗೇ ಸರಿಬರಲಿಲ್ಲ. ನಾನು ಹೇಳಿದ್ದು ಸುಳ್ಳಲ್ಲ. ಆದರೆ ಆ ತಾಯಿ ಕೇಳಿದ್ದು ಪರವಾನಗಿಯನ್ನಲ್ಲ. ಎರಡೂವರೆ ತಾಸು ಕತ್ತಲೆಯಲ್ಲಿ ಕುಳಿತು ಎದ್ದು ಬಂದ ಮೇಲೆ ಅವರ ಮನಸ್ಸಿನಲ್ಲಿ ಏನೋ ಕದಡಿತ್ತು. ಅದರ ಬಗ್ಗೆ ಮಾತನಾಡಲು ಯಾರಾದರೂ ಬೇಕಾಗಿತ್ತು. ನಾನು ಒಂದೇ ಮಾತಿನಲ್ಲಿ ಬಾಗಿಲು ಮುಚ್ಚಿಬಿಟ್ಟೆ. ಇನ್ನೂ ಒಂದು ಮಾತನ್ನು ಒಪ್ಪಿಕೊಳ್ಳಬೇಕು: ಆ ದಿನದ ತನಕ ನಾನು ಆ ಚಿತ್ರವನ್ನು ನೋಡಿಯೇ ಇರಲಿಲ್ಲ. ನೋಡದ ಚಿತ್ರದ ಮೇಲೆ ತೀರ್ಪು ಕೊಟ್ಟಿದ್ದೆ.

ಅದೇ ವಾರ ಹುಬ್ಬಳ್ಳಿಗೆ ಹೋಗಿ ನೋಡಿದೆ. ಅಂದಿನಿಂದ ಇಂದಿನವರೆಗೆ ನಮ್ಮ ಧರ್ಮಕೇಂದ್ರದ ಜನರು ಹೆಚ್ಚಾಗಿ ಮಾತನಾಡುವ ಚಿತ್ರಗಳನ್ನು ಸಾಧ್ಯವಾದಷ್ಟು ಟಾಕೀಜಿನಲ್ಲಿಯೇ ನೋಡುತ್ತ ಬಂದಿದ್ದೇನೆ. ಕೆಲವನ್ನು ಯುವಜನರ ಜೊತೆಗೆ, ಕೆಲವನ್ನು ಒಬ್ಬನೇ. ಅವುಗಳಲ್ಲಿ ನಾಲ್ಕರ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಇಲ್ಲಿ ಬರೆಯುತ್ತಿದ್ದೇನೆ. ಅಭಿಪ್ರಾಯ ನನ್ನದು, ಧರ್ಮಸಭೆಯ ಬೋಧನೆ ಎಲ್ಲಿದೆಯೋ ಅಲ್ಲಿ ಅದನ್ನು ಬೇರೆಯಾಗಿ ಹೇಳುತ್ತೇನೆ.

ಮೊದಲು ಆ ಬೋಧನೆಯನ್ನೇ ನೋಡೋಣ. ಸಿನೆಮಾ ಎಂದರೆ ಧರ್ಮಸಭೆಗೆ ಆಗದು ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಅದಕ್ಕೆ ಕಾರಣವೂ ಉಂಟು. 1936ರಲ್ಲಿ ಜಗದ್ಗುರು ಹನ್ನೊಂದನೆಯ ಭಕ್ತಿನಾಥರು, ಅಂದರೆ ಹನ್ನೊಂದನೆಯ ಪಯಸ್ ಅವರು, ಮುಖ್ಯವಾಗಿ ಅಮೆರಿಕದ ಧರ್ಮಾಧ್ಯಕ್ಷರನ್ನು ಮನಸ್ಸಿನಲ್ಲಿಟ್ಟುಕೊಂಡು 'ವಿಜಿಲಾಂತಿ ಕೂರಾ' ಎಂಬ ವಿಶ್ವಪರಿಪತ್ರವನ್ನು ಬರೆದರು. ಕೆಟ್ಟ ಚಿತ್ರಗಳನ್ನು ನೋಡುವುದಿಲ್ಲವೆಂದು ವಿಶ್ವಾಸಿಗಳಿಂದ ವರ್ಷವರ್ಷವೂ ವಾಗ್ದಾನ ಪಡೆಯಬೇಕೆಂಬ ಸೂಚನೆ ಅದರಲ್ಲಿತ್ತು. ಹಿರಿಯ ಗುರುಗಳ ಪ್ರಬೋಧನೆಗಳಲ್ಲಿ ಕೇಳಿಬರುತ್ತಿದ್ದದ್ದು ಈ ಕಾಲದ ಧ್ವನಿ. 1957ರಲ್ಲಿ ಹನ್ನೆರಡನೆಯ ಪಯಸ್ ಅವರು ಸಿನೆಮಾ, ರೇಡಿಯೋ, ದೂರದರ್ಶನ ಮೂರನ್ನೂ ಕುರಿತು ಬರೆದಾಗ ಧ್ವನಿ ಮೆದುವಾಗಿತ್ತು. ಅನಂತರ ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು 'ಇಂತೆರ್ ಮಿರಿಫಿಕಾ' ಎಂಬ ಆಜ್ಞಾಪತ್ರವನ್ನು ಹೊರಡಿಸಿತು. ಅದರ ಏಳನೆಯ ಪರಿಚ್ಛೇದ ಹೇಳುವುದು ನಮಗೆ ಆಶ್ಚರ್ಯವೆನಿಸಬಹುದು: ಕಲೆಯಲ್ಲಿ ಕೆಟ್ಟದ್ದನ್ನು ತೋರಿಸುವುದರಿಂದಲೂ ಮನುಷ್ಯನನ್ನು ಆಳವಾಗಿ ಅರಿಯಬಹುದು, ಆದರೆ ನೀತಿಯ ಹಿಡಿತ ತಪ್ಪಬಾರದು. ಹತ್ತನೆಯ ಪರಿಚ್ಛೇದದಲ್ಲಿ ಯುವಜನರಿಗೂ ತಾಯಿತಂದೆಗಳಿಗೂ ಮಾತುಂಟು. ಮಿತಿಯಿರಲಿ, ನೋಡಿದ್ದನ್ನು ತಿಳಿದವರೊಂದಿಗೆ ಚರ್ಚಿಸಿ ಅರ್ಥಮಾಡಿಕೊಳ್ಳಲಿ, ಮನೆಯೊಳಗೆ ಏನು ಬರುತ್ತದೆಂದು ಹೆತ್ತವರು ಕಾಯಲಿ ಎಂಬುದು ಅದರ ತಾತ್ಪರ್ಯ.

ಈ ಹತ್ತನೆಯ ಪರಿಚ್ಛೇದದಲ್ಲಿ ಮಧ್ಯದ ಮಾತನ್ನು ನಾವು ಮರೆತಿದ್ದೇವೆ. ಕಾಯುವುದನ್ನು ಮಾಡುತ್ತೇವೆ, ಅಥವಾ ಕೈಬಿಡುತ್ತೇವೆ. ಚರ್ಚಿಸುವುದಿಲ್ಲ. ಅಪ್ಪ ಬೈಯುತ್ತಾನೆ, ಮಗ ಮೊಬೈಲ್ ತೆಗೆದುಕೊಂಡು ಮಾಳಿಗೆ ಹತ್ತುತ್ತಾನೆ; ಅಲ್ಲಿಗೆ ಮುಗಿಯಿತು.

ಇನ್ನೊಂದು ಸಂಗತಿ. ಭಾರತದ ಸಿನೆಮಾಕ್ಕೂ ಯೇಸುಸ್ವಾಮಿಯ ಕಥೆಗೂ ಒಂದು ಸಂಬಂಧವಿದೆ. 1911ರಲ್ಲಿ ದಾದಾಸಾಹೇಬ ಫಾಲ್ಕೆಯವರು ಮುಂಬಯಿಯ ಒಂದು ಡೇರೆಯಲ್ಲಿ ಕ್ರಿಸ್ತನ ಜೀವನದ ಮೂಕಿಚಿತ್ರ ನೋಡಿದರು. ಅದನ್ನು ನೋಡುತ್ತಿರುವಾಗಲೇ ನಮ್ಮ ರಾಮ ಕೃಷ್ಣರನ್ನೂ ಹೀಗೆ ಪರದೆಯ ಮೇಲೆ ತರಬಾರದೇಕೆ ಎಂಬ ಆಸೆ ಅವರಲ್ಲಿ ಹುಟ್ಟಿತು. 1913ರ 'ರಾಜಾ ಹರಿಶ್ಚಂದ್ರ' ಅದರ ಫಲ. ಒಬ್ಬರ ಭಕ್ತಿಯ ಚಿತ್ರ ಇನ್ನೊಬ್ಬರ ಭಕ್ತಿಗೆ ದಾರಿಯಾಯಿತು. 'ಕಾಂತಾರ'ದ ವಿಷಯಕ್ಕೆ ಬರುವ ಮುಂಚೆ ಇದನ್ನು ನೆನಪಿನಲ್ಲಿಡೋಣ.

ರಿಷಬ್ ಶೆಟ್ಟಿ ನಿರ್ದೇಶಿಸಿ ನಟಿಸಿದ ಈ ಚಿತ್ರ 2022ರ ಸೆಪ್ಟೆಂಬರ್ 30ರಂದು ಬಿಡುಗಡೆಯಾಯಿತು. ತುಳುನಾಡಿನ ಭೂತಕೋಲ, ಪಂಜುರ್ಲಿ ದೈವ, ಕಾಡಂಚಿನ ಜನ, ಅವರ ಭೂಮಿಯ ಮೇಲೆ ಕಣ್ಣಿಟ್ಟ ಧಣಿ, ನಡುವೆ ಅರಣ್ಯಾಧಿಕಾರಿ. ಅನ್ಯರ ಆರಾಧನೆಯನ್ನು ಪರದೆಯ ಮೇಲೆ ಕಂಡರೆ ನಮ್ಮ ವಿಶ್ವಾಸಕ್ಕೆ ಕುಂದು ಬರುವುದಿಲ್ಲ. ಮಹಾಸಭೆಯ 'ನೋಸ್ತ್ರ ಎತಾತೆ' (1965) ಇತರ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದದ್ದನ್ನು ಧರ್ಮಸಭೆ ತಿರಸ್ಕರಿಸುವುದಿಲ್ಲ ಎಂದು ಕಲಿಸುತ್ತದೆ. ನಮ್ಮ ಭಾಗದವರಿಗೆ ಇದು ಹೊಸದಲ್ಲ. ಹೂಲಿಯ ಪಂಚಲಿಂಗೇಶ್ವರ ಗುಡಿಯ ಅಂಗಳದಲ್ಲಿ ಆಡಿ ಬೆಳೆದ ಮಕ್ಕಳು ನಮ್ಮಲ್ಲಿದ್ದಾರೆ. ಭಾರತ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಕಟ್ಟಿಕೊಂಡು ಹೋಗುವವರಿಗೆ ನಮ್ಮ ಮನೆಗಳವರೂ ನೀರು ಕೊಡುತ್ತಾರೆ. ಗೌರವಿಸುವುದು ಬೇರೆ, ಆರಾಧಿಸುವುದು ಬೇರೆ. ಈ ಗೆರೆ ನಮ್ಮ ಹಿರಿಯರಿಗೆ ಗೊತ್ತಿತ್ತು.

ಆದರೆ ಆ ತಾಯಿಯ ಕದಡಿದ ಮನಸ್ಸಿಗೆ ನಾನು ಹೇಳಬೇಕಾಗಿದ್ದುದು ಇದಷ್ಟೇ ಅಲ್ಲ. ಆ ಚಿತ್ರದ ಕಥೆ ಬೈಬಲ್ ಓದಿದವರಿಗೆ ಪರಿಚಿತವಾದ ಕಥೆ. 1 ಅರಸುಗಳು 21ನೆಯ ಅಧ್ಯಾಯವನ್ನು ತೆರೆಯಿರಿ. ನಾಬೋತನಿಗೆ ಪೂರ್ವಿಕರಿಂದ ಬಂದ ದ್ರಾಕ್ಷಿತೋಟ. ಅದರ ಮೇಲೆ ಅರಸ ಅಹಾಬನ ಆಸೆ. ಕೊಡಲೊಲ್ಲೆನೆಂದಾಗ ಅರಮನೆಯ ಒಳಗೆ ನಡೆದ ಒಳಸಂಚು, ಸುಳ್ಳು ಸಾಕ್ಷಿ, ಕೊಲೆ. ಆಮೇಲೆ ಎಲೀಯನು ಬಂದು ಅರಸನ ಎದುರಿಗೇ ನಿಂತು ಕೇಳುತ್ತಾನೆ. ಬಡವರ ಹೊಲ ದೇವರ ಲೆಕ್ಕದಲ್ಲಿರುತ್ತದೆ ಎಂಬ ಮಾತು ನಮ್ಮ ಗ್ರಂಥದ್ದೂ ಹೌದು. ಇದನ್ನು ಒಂದು ತಿಂಗಳ ನಂತರ ಆ ತಾಯಿಗೆ ಹೇಳಿದಾಗ ಅವರು, "ಹಂಗಾರ ಅದು ನಮ್ಮ ಹೊಲದ ಕಥೀನ ಆತಲ್ರಿ ಫಾದರ್" ಎಂದರು. ಅವರ ಗಂಡನ ಪಾಲಿನ ಹೊಲದ ವ್ಯಾಜ್ಯ ಆಗ ಕೋರ್ಟಿನಲ್ಲಿತ್ತು. ಅವರನ್ನು ಟಾಕೀಜಿನಲ್ಲಿ ನಡುಗಿಸಿದ್ದು ಮೈಮೇಲೆ ಬಂದ ದೈವವೋ ಅಥವಾ ಹೊಲ ಕಳೆದುಕೊಳ್ಳುವ ಭಯವೋ? ಕೇಳದೆ ಹೋಗಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ.

ಚಿತ್ರದಲ್ಲಿ ನನಗೆ ಸೇರದ ಸಂಗತಿಗಳೂ ಇವೆ. ನಾಯಕ ತಾನು ಮೆಚ್ಚಿದ ಹುಡುಗಿಯ ಸೊಂಟ ಚಿವುಟುವುದನ್ನು ತಮಾಷೆಯೆಂಬಂತೆ ತೋರಿಸಿದ್ದಾರೆ. ನಮ್ಮ ಹುಡುಗರು ಶಿಳ್ಳೆ ಹೊಡೆದರು. ಪಕ್ಕದಲ್ಲಿ ಕುಳಿತ ಅವರ ತಂಗಿಯರು ಹೊಡೆಯಲಿಲ್ಲ. ಇಷ್ಟನ್ನು ಗಮನಿಸಿದರೆ ಸಾಕು, ನಾನು ವಿವರಿಸಬೇಕಾಗಿಲ್ಲ. 2025ರ ಅಕ್ಟೋಬರಿನಲ್ಲಿ ಇದರ ಮುಂದಿನ ಚಿತ್ರ 'ಕಾಂತಾರ ಅಧ್ಯಾಯ 1' ಬಂದಾಗ ಕೆಲವರು ದೈವದ ವೇಷ ಹಾಕಿಕೊಂಡು ಟಾಕೀಜಿಗೆ ಬಂದರು. ಹಾಗೆ ಅನುಕರಣೆ ಮಾಡಬೇಡಿರೆಂದು ನಿರ್ಮಾಪಕರೇ ಕೇಳಿಕೊಳ್ಳಬೇಕಾಯಿತು. ಶಾಲೆಯ ಸಮ್ಮೇಳನದಲ್ಲಿ ಆ ಕುಣಿತ ಮಾಡೋಣವೇ ಎಂದು ಮಕ್ಕಳು ಕೇಳಿದರೆ ಬೇಡವೆನ್ನಿರಿ. ಯಾರಾದರೂ ಪೂಜಾವಸ್ತ್ರ ತೊಟ್ಟು ಪಾನಪಾತ್ರೆ ಎತ್ತಿ ವೇದಿಕೆಯ ಮೇಲೆ ಆಟವಾಡಿದರೆ ನಮಗೆ ಹೇಗೆನಿಸುತ್ತದೆ?

ಈಗ ನನ್ನನ್ನು ಹೆಚ್ಚು ಕಾಡಿದ ಚಿತ್ರಕ್ಕೆ ಬರುತ್ತೇನೆ. ಹೇಮಂತ್ ಎಂ. ರಾವ್ ನಿರ್ದೇಶನದ 'ಸಪ್ತ ಸಾಗರದಾಚೆ ಎಲ್ಲೋ'. ಇದರ ಮೊದಲ ಭಾಗ 2023ರ ಸೆಪ್ಟೆಂಬರ್ 1ರಂದೂ ಎರಡನೆಯ ಭಾಗ ನವೆಂಬರಿನಲ್ಲೂ ಬಂದವು. ನಾನು ಹೇಳುವುದು ಮೊದಲನೆಯ ಭಾಗದ ವಿಷಯ. ಯುವಕೂಟದ ಹನ್ನೊಂದು ಜನ ಮಧ್ಯಾಹ್ನದ ಆಟಕ್ಕೆ ಹುಬ್ಬಳ್ಳಿಗೆ ಹೋಗಿದ್ದೆವು. ಶಕ್ತಿ ಯೋಜನೆ ಆಗಷ್ಟೇ ಶುರುವಾಗಿದ್ದರಿಂದ ಹುಡುಗಿಯರಿಗೆ ಬಸ್ಸು ಪುಕ್ಕಟೆ. ಹುಡುಗರದೂ ನನ್ನದೂ ಚಾರ್ಜು. ಟಾಕೀಜಿನ ಒಳಗೆ ಒಂದು ಪೊಟ್ಟಣ ಜೋಳದ ಅರಳಿಗೆ ಕೇಳಿದ ಬೆಲೆಯಲ್ಲಿ ನಮ್ಮ ಊರಿನಲ್ಲಿ ಒಂದು ಮನೆಯವರು ಊಟ ಮಾಡುತ್ತಾರೆ. ಮನೆಯಿಂದ ಚುರುಮುರಿ ಕಟ್ಟಿಕೊಂಡು ಹೋಗಿದ್ದೆವು, ಒಳಗೆ ಬಿಡಲಿಲ್ಲ.

ಕಥೆ ಇಷ್ಟು. ಮನು ದೊಡ್ಡವರೊಬ್ಬರ ಮನೆಯ ಡ್ರೈವರ್. ಪ್ರಿಯಾ ಹಾಡುವ ಹುಡುಗಿ. ಇಬ್ಬರೂ ಮದುವೆಯಾಗಿ ಒಂದು ಮನೆ ಮಾಡಬೇಕೆಂದಿದ್ದಾರೆ. ಆಕೆಯ ಕನಸು ಸಮುದ್ರದ ಸದ್ದು ಕೇಳುವ ಮನೆ. ಅಷ್ಟರಲ್ಲಿ ಧಣಿಯ ಮಗ ಗಾಡಿ ಓಡಿಸಿ ಒಂದು ಜೀವ ತೆಗೆಯುತ್ತಾನೆ. ತಪ್ಪನ್ನು ನೀನು ಒಪ್ಪಿಕೋ, ಹಣ ಕೊಡುತ್ತೇವೆ, ಬೇಗ ಬಿಡಿಸಿಕೊಂಡು ಬರುತ್ತೇವೆ ಎಂದು ಮನುವಿಗೆ ಹೇಳುತ್ತಾರೆ. ಮನೆಯ ಆಸೆಗೆ ಅವನು ಹೂಂ ಎನ್ನುತ್ತಾನೆ. ಕೊಟ್ಟ ಮಾತು ನಡೆಯುವುದಿಲ್ಲ. ಮನು ಜೈಲಿನಲ್ಲಿ ಉಳಿಯುತ್ತಾನೆ.

ಟಾಕೀಜಿನಲ್ಲಿ ನಮ್ಮ ಹುಡುಗಿಯರು ಅತ್ತರು, ಒಬ್ಬಿಬ್ಬರು ಹುಡುಗರೂ ಅತ್ತರು. ಧಾರವಾಡ ದಾಟಿ ಸವದತ್ತಿ ಬಸ್ಸಿನಲ್ಲಿ ಕುಳಿತ ಮೇಲೆ ಮಾತು ಶುರುವಾಯಿತು. "ಪ್ರೀತಿಗಾಗಿ ತನ್ನನ್ನ ಬಲಿ ಕೊಟ್ಟಾನ್ರಿ ಫಾದರ್, ಯೇಸುಸ್ವಾಮಿ ಕೊಟ್ಟಂಗ" ಎಂದ ಒಬ್ಬ. ಗುರುಮಠದಲ್ಲಿ ನೀತಿಶಾಸ್ತ್ರ ಓದಿದ ನನಗೆ ಇದು ಒಳ್ಳೆಯ ಅವಕಾಶವೆನಿಸಿತು. ಒಂದು ಕೃತ್ಯ ಒಳ್ಳೆಯದೋ ಕೆಟ್ಟದ್ದೋ ಎಂದು ಅಳೆಯುವಾಗ ಧರ್ಮಸಭೆ ಮೂರನ್ನು ನೋಡುತ್ತದೆ: ಮಾಡಿದ ಕೆಲಸ ಯಾವುದು, ಯಾವ ಉದ್ದೇಶದಿಂದ, ಯಾವ ಸಂದರ್ಭದಲ್ಲಿ. ಕಥೋಲಿಕ ಧರ್ಮೋಪದೇಶದ 1750ರಿಂದ ಮುಂದಿನ ಪರಿಚ್ಛೇದಗಳಲ್ಲಿ ಇದಿದೆ. ಉದ್ದೇಶ ಒಳ್ಳೆಯದಿದ್ದ ಮಾತ್ರಕ್ಕೆ ಸುಳ್ಳು ಒಳ್ಳೆಯದಾಗುವುದಿಲ್ಲ. ಒಳಿತಾಗಲೆಂದು ಕೇಡು ಮಾಡೋಣ ಎನ್ನುವವರನ್ನು ಸಂತ ಪೌಲರು ರೋಮನರಿಗೆ ಬರೆದ ಪತ್ರದ ಮೂರನೆಯ ಅಧ್ಯಾಯದಲ್ಲಿಯೇ ತಳ್ಳಿಹಾಕಿದ್ದಾರೆ. ಯೇಸುಸ್ವಾಮಿ ಇತರರ ಪಾಪದ ಭಾರ ಹೊತ್ತದ್ದು ನಿಜ. ಆದರೆ ಪಿಲಾತನ ಮುಂದೆ ಅವರು ಸುಳ್ಳು ಹೇಳಲಿಲ್ಲ. ಸತ್ಯಕ್ಕೆ ಸಾಕ್ಷಿ ಕೊಡಲು ಬಂದೆನೆಂದರು. ಮನು ಹೊತ್ತದ್ದು ಧಣಿಯ ಮಗನ ಶಿಕ್ಷೆಯನ್ನು, ಅದೂ ಬೆಲೆಗೆ. ಅದರಿಂದ ಆ ಧಣಿಯ ಮಗನಿಗೆ ಪಶ್ಚಾತ್ತಾಪದ ಬಾಗಿಲೂ ಮುಚ್ಚಿತು. ಪ್ರಿಯಾಳ ಬದುಕು ಕೂಡ ಆ ಒಂದು 'ಹೂಂ'ಗೆ ಸಿಕ್ಕಿಬಿದ್ದಿತು.

ಹೀಗೆ ನಾನು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡು ದೊಡ್ಡದಾಗಿ ವಿವರಿಸುತ್ತಿದ್ದೆ. ಕಂಡಕ್ಟರ್ ಕೂಡ ಕೇಳುತ್ತಿದ್ದ. ಆಗ ಪಿಯುಸಿ ಓದುವ ಹುಡುಗಿಯೊಬ್ಬಳು ಹಿಂದಿನಿಂದ ಕೇಳಿದಳು: "ಫಾದರ್, ಗಾಡಿ ಬಡದು ಸತ್ತವರು ಯಾರಿದ್ರು?"

ಯಾರೂ ಉತ್ತರಿಸಲಿಲ್ಲ. ಹನ್ನೊಂದು ಜನರಲ್ಲಿ ಒಬ್ಬರಿಗೂ ಆ ಹೆಸರು ನೆನಪಿರಲಿಲ್ಲ. ನನಗೂ ಇರಲಿಲ್ಲ. ಮನುವಿಗಾಗಿ ಅತ್ತಿದ್ದೆವು, ಪ್ರಿಯಾಳಿಗಾಗಿ ಅತ್ತಿದ್ದೆವು. ಸತ್ತವರಿಗೊಂದು ಮನೆಯಿತ್ತು, ಅಲ್ಲಿ ಯಾರೋ ಕಾಯುತ್ತಿದ್ದಿರಬಹುದು ಎಂಬುದು ಒಂದು ತಾಸಿನ ಚರ್ಚೆಯಲ್ಲಿ ಹೊಳೆಯಲಿಲ್ಲ. ಸುಳ್ಳು ಸಾಕ್ಷಿ ಎಂಟನೆಯ ಆಜ್ಞೆಗೆ ವಿರುದ್ಧ ಎಂದು ನಾನು ಪಾಠ ಹೇಳಿದೆ. ಆದರೆ ಆ ಸುಳ್ಳಿನಿಂದ ನ್ಯಾಯ ತಪ್ಪಿಸಿಕೊಂಡದ್ದು ಯಾರಿಗೆ ಎಂಬುದನ್ನು ಆ ಹುಡುಗಿ ಹೇಳಿದಳು. ಗಾಯಗೊಂಡು ಬಿದ್ದವನನ್ನು ನೋಡಿಯೂ ಮಗ್ಗುಲಿನಿಂದ ಹಾಯ್ದುಹೋದ ಯಾಜಕನ ಕಥೆ ಲೂಕನ ಶುಭಸಂದೇಶದಲ್ಲಿದೆಯಲ್ಲ, ಅದರಲ್ಲಿ ಆ ಯಾಜಕನಿಗೂ ಏನಾದರೂ ಧರ್ಮಶಾಸ್ತ್ರದ ಯೋಚನೆ ಇದ್ದಿರಬೇಕು.

ಕ್ಯಾಮೆರಾ ಯಾರ ಮುಖ ತೋರಿಸುತ್ತದೋ ಅವರಿಗಾಗಿ ನಮ್ಮ ಕಣ್ಣೀರು ಬರುತ್ತದೆ. ಅದು ಕಲೆಯ ಶಕ್ತಿ, ಅದರಲ್ಲಿ ದೋಷವಿಲ್ಲ. ತೋರಿಸದ ಮುಖ ಯಾರದು ಎಂದು ಕೇಳುವುದು ನೋಡುವವರ ಕೆಲಸ. ತಂದೆತಾಯಿಗಳೇ, ಮಕ್ಕಳೊಂದಿಗೆ ಯಾವ ಚಿತ್ರ ನೋಡಿದರೂ ಈ ಒಂದು ಪ್ರಶ್ನೆಯನ್ನು ಕೇಳಿ ನೋಡಿ. ನಾನು ಗುರುಮಠದಲ್ಲಿ ಕಲಿತದ್ದಕ್ಕಿಂತ ಹೆಚ್ಚಿನದು ಅದರಿಂದ ಹೊರಡುತ್ತದೆ.

ಆ ಬಸ್ಸಿನಲ್ಲಿ ಇನ್ನೊಬ್ಬ ಯುವಕ ಮಾತೇ ಆಡಿರಲಿಲ್ಲ. ಮದುವೆಯಾಗಿ ಎರಡು ವರ್ಷವಾಗಿತ್ತು. ಮೂರು ದಿನ ಬಿಟ್ಟು ಬಂದು ಹೇಳಿದ. (ಇಲ್ಲಿ ಬರೆಯಲು ಅವನ ಒಪ್ಪಿಗೆಯಿದೆ, ಇದು ಪಾಪನಿವೇದನೆಯಲ್ಲಿ ಹೇಳಿದ್ದಲ್ಲ.) ಹೆಂಡತಿಯ ಹೆಸರಿನಲ್ಲಿ ಸಂಘದ ಸಾಲ ಎತ್ತಿ ಗೆಳೆಯನ ಬೈಕಿಗೆ ಕೊಟ್ಟಿದ್ದ. ಮನೆ ರಿಪೇರಿಗೆ ಎಂದು ಆಕೆಗೆ ಹೇಳಿ ಸಹಿ ಹಾಕಿಸಿದ್ದ. ಗೆಳೆಯ ಕಂತು ಕಟ್ಟುವುದನ್ನು ನಿಲ್ಲಿಸಿದ್ದ. ವಾರವಾರ ವಸೂಲಿಗೆ ಬರುವವರು ಆಕೆಯ ಹೆಸರು ಕರೆದು ಬಾಗಿಲಲ್ಲಿ ನಿಲ್ಲುತ್ತಿದ್ದರು, ಇವನು ಕೆಲಸಕ್ಕೆ ಹೋಗಿರುತ್ತಿದ್ದ. "ನನ್ನ ಸಿನೆಮಾದಾಗ ಆಕಿ ಸತ್ತಾಕಿರಿ ಫಾದರ್, ಆಕಿ ಮಾರಿ ನಾನೂ ನೋಡಿದ್ದಿಲ್ಲ" ಎಂದ. ಮನೆಗೆ ಹೋಗಿ ಹೆಂಡತಿಗೆ ಎಲ್ಲವನ್ನೂ ಹೇಳಿದ. ಆಕೆ ಎಂಟು ದಿನ ತವರಿಗೆ ಹೋಗಿದ್ದಳು. ಹಿಂದಿರುಗಿ ಬಂದದ್ದು ಅವಳ ದೊಡ್ಡತನ. ಸಾಲ ತೀರಲು ಮತ್ತೂ ಒಂದೂವರೆ ವರ್ಷ ಹಿಡಿಯಿತು. ಇಂಥ ಸಾಲಗಳ ವಸೂಲಿಯಲ್ಲಿ ಕಿರುಕುಳ ಹೆಚ್ಚಿ, 2025ರ ಫೆಬ್ರವರಿಯಲ್ಲಿ ರಾಜ್ಯ ಸರಕಾರ ಸುಗ್ರೀವಾಜ್ಞೆ ತರಬೇಕಾಯಿತು ಎಂಬುದು ನಿಮಗೆ ತಿಳಿದಿದೆ. ಮನೆಯೊಳಗಿನ ಮುಚ್ಚುಮರೆಗೆ ಯಾವ ಸುಗ್ರೀವಾಜ್ಞೆಯೂ ಇಲ್ಲ. ಗಂಡಹೆಂಡಿರು ಒಟ್ಟಿಗೆ ಕುಳಿತು ಈ ಚಿತ್ರ ನೋಡಿರಿ ಎಂದು ನಾನು ಮದುವೆಯ ಸಿದ್ಧತೆಗೆ ಬರುವ ಜೋಡಿಗಳಿಗೆ ಈಗ ಹೇಳುತ್ತಿದ್ದೇನೆ.

ಸುಳ್ಳಿನ ಮಾತು ಬಂದದ್ದರಿಂದ 2025ರ ಜುಲೈನಲ್ಲಿ ಬಂದ 'ಸು ಫ್ರಮ್ ಸೋ' ಚಿತ್ರವನ್ನೂ ನೆನೆಯುತ್ತೇನೆ. ಜೆ. ಪಿ. ತುಮಿನಾಡ್ ನಿರ್ದೇಶನದ ನಗೆಚಿತ್ರ. ಹೆಂಗಸೊಬ್ಬಳು ಸ್ನಾನ ಮಾಡುವಲ್ಲಿ ಇಣುಕಿ ಸಿಕ್ಕಿಬಿದ್ದ ಯುವಕ ಮಾನ ಉಳಿಸಿಕೊಳ್ಳಲು ಮೈಮೇಲೆ ದೆವ್ವ ಬಂದಂತೆ ನಟಿಸುತ್ತಾನೆ. ಊರೇ ನಂಬುತ್ತದೆ. ತಾನು ಕಟ್ಟಿದ ಸುಳ್ಳಿನೊಳಗೆ ತಾನೇ ಸಿಕ್ಕಿಬೀಳುತ್ತಾನೆ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ, ಮುಚ್ಚಿಡುವುದೇಕೆ? ನಗುವುದೂ ಸದ್ಗುಣದ ಒಂದು ಭಾಗವೆಂದು ಸಂತ ಥಾಮಸ್ ಅಕ್ವಿನಾಸರು ಬರೆದಿದ್ದಾರೆ. ಸದಾ ಹೆದೆಯೇರಿಸಿಟ್ಟ ಬಿಲ್ಲು ಮುರಿಯುತ್ತದೆ ಎಂದು ಸಂತ ಯೊವಾನ್ನರು ಬೇಟೆಗಾರನಿಗೆ ತಿಳಿಸಿದ ಹಳೆಯ ಕಥೆಯನ್ನು ಅಲ್ಲಿ ನೆನೆಯುತ್ತಾರೆ. ಆದರೆ ನಮ್ಮ ಹಳ್ಳಿಗಳಲ್ಲಿ ದೆವ್ವ ಬಡಿದಿದೆಯೆಂದು ಹೆಣ್ಣುಮಕ್ಕಳನ್ನು ಊರೂರು ಸುತ್ತಿಸುವುದು ನಗೆಯ ಸಂಗತಿಯಲ್ಲ. ಕ್ರೈಸ್ತ ಮನೆಗಳವರೂ ಇದರಿಂದ ಹೊರತಲ್ಲ. ಧರ್ಮಾಧ್ಯಕ್ಷರ ವಿಶೇಷ ಅನುಮತಿಯಿಲ್ಲದೆ ಯಾವ ಗುರುವೂ ಭೂತೋಚ್ಚಾಟನೆ ಮಾಡುವಂತಿಲ್ಲ, ಅದಕ್ಕೂ ಮುಂಚೆ ಅದು ಕಾಯಿಲೆಯೋ ಎಂದು ಪರೀಕ್ಷಿಸಲೇಬೇಕು ಎಂಬುದು ಧರ್ಮಸಭೆಯ ನಿಯಮ. ನಿದ್ದೆಯಿಲ್ಲದೆ, ಊಟ ಬಿಟ್ಟು, ಒಬ್ಬಳೇ ಮಾತನಾಡುವ ಸೊಸೆಯನ್ನು ಮೊದಲು ಧಾರವಾಡದ ಮಾನಸಿಕ ಆಸ್ಪತ್ರೆಗೆ ಕರೆದೊಯ್ಯಿರಿ. ಪ್ರಾರ್ಥನೆಯನ್ನು ಜೊತೆಯಲ್ಲಿ ಮಾಡೋಣ.

ಹೊಡೆದಾಟದ ಚಿತ್ರಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. 'ಕೆ.ಜಿ.ಎಫ್.' ಚಿತ್ರದ ಎರಡು ಭಾಗಗಳನ್ನೂ (2018, 2022) ನೋಡಿದೆ. ತಾಯಿಗೆ ಕೊಟ್ಟ ಮಾತಿನ ಹೆಸರಿನಲ್ಲಿ ಅಷ್ಟು ಹೆಣ ಬೀಳಬೇಕೇ ಎಂಬ ಪ್ರಶ್ನೆ ನನ್ನದು. ಸಂತ ಅಗುಸ್ತೀನರ ಗೆಳೆಯ ಅಲಿಪಿಯುಸನು ರೋಮಿನ ಕಾಳಗದ ಕಣಕ್ಕೆ ಒಲ್ಲದ ಮನಸ್ಸಿನಿಂದ ಹೋಗಿ ಕಣ್ಣು ಮುಚ್ಚಿ ಕುಳಿತ. ಜನರ ಕೂಗು ಕೇಳಿ ಒಮ್ಮೆ ಕಣ್ಣು ತೆರೆದ, ಆಮೇಲೆ ಮುಚ್ಚಲಾಗಲಿಲ್ಲ. ಚಿಕ್ಕ ಮಕ್ಕಳನ್ನು ಕರೆದೊಯ್ಯುವ ಮುಂಚೆ ಪ್ರಮಾಣಪತ್ರ ನೋಡಿರಿ. 2024ರ ನವೆಂಬರಿನಿಂದ 'ಯುಎ' ಎಂಬುದನ್ನು 7, 13, 16 ವರ್ಷ ಎಂದು ಮೂರಾಗಿ ವಿಂಗಡಿಸಿದ್ದಾರೆ. ಜಾಹೀರಾತಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ, ಕನ್ನಡಕ ಹಾಕಿಕೊಳ್ಳಿರಿ.

ಕೊನೆಯ ಚಿತ್ರವನ್ನು ನಾನೊಬ್ಬನೇ ನೋಡಿದೆ. 2024ರ ಮಾರ್ಚಿನಲ್ಲಿ ಬೇರೆ ಕೆಲಸಕ್ಕೆ ಬೆಂಗಳೂರಿಗೆ ಹೋದಾಗ ನೋಡಿದ 'ಫೋಟೋ'. ಉತ್ಸವ್ ಗೋನವಾರ ಇದರ ನಿರ್ದೇಶಕರು. ಟಾಕೀಜಿನಲ್ಲಿ ಇಪ್ಪತ್ತು ಜನರೂ ಇರಲಿಲ್ಲ. ರಾಯಚೂರು ಕಡೆಯ ಮಾತು ಪರದೆಯ ಮೇಲೆ ಕೇಳಿದಾಗ ಊರಿನವರು ಸಿಕ್ಕಷ್ಟು ಸಂತೋಷವಾಯಿತು. ಹಳ್ಳಿಯ ಹುಡುಗನಿಗೆ ವಿಧಾನಸೌಧದ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಳ್ಳುವ ಆಸೆ. ಅಪ್ಪ ಬೆಂಗಳೂರಿನಲ್ಲಿ ಕೂಲಿಯವನು. ಹುಡುಗ ಬೆಂಗಳೂರಿಗೆ ಬರುತ್ತಾನೆ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಗುತ್ತದೆ. ತಂದೆ ಮಗ ಊರಿಗೆ ನಡೆಯತೊಡಗುತ್ತಾರೆ. ಮುಂದಿನದನ್ನು ನೀವೇ ನೋಡಿ.

ರಾಮದುರ್ಗ, ಸವದತ್ತಿ ಕಡೆಯ ಹಳ್ಳಿಗಳಿಂದ ಗೋವಾಕ್ಕೆ, ಮಂಗಳೂರಿಗೆ, ಬೆಂಗಳೂರಿಗೆ ಗೌಂಡಿ ಕೆಲಸಕ್ಕೆ ಹೋದವರು ಆ ದಿನಗಳಲ್ಲಿ ಹೇಗೆ ಮರಳಿದರೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ನಿಮ್ಮಲ್ಲಿ ಕೆಲವರು ಹಾಗೆ ನಡೆದು ಬಂದವರೇ. ಆಗ ನಾನು ಬೇರೊಂದು ಧರ್ಮಕೇಂದ್ರದಲ್ಲಿದ್ದೆ. ಚರ್ಚಿನ ಮುಂದೆಯೇ ಹೆದ್ದಾರಿ. ಗುಂಪುಗುಂಪಾಗಿ ಜನ ಹೋಗುತ್ತಿದ್ದರು, ತಲೆಯ ಮೇಲೆ ಗಂಟು, ಕಂಕುಳಲ್ಲಿ ಮಕ್ಕಳು. ಗೇಟಿಗೆ ಬೀಗ ಹಾಕಿ, ಸರಳುಗಳ ಸಂದಿಯಿಂದ ನೀರಿನ ಬಾಟಲಿ, ಬಿಸ್ಕೀಟು ಕೊಟ್ಟೆ. ಒಂದು ಸಂಜೆ ಒಬ್ಬ ಹೆಣ್ಣುಮಗಳು, "ಒಂದ ರಾತ್ರಿ ಮಲಗಾಕ ಜಾಗಾ ಕೊಡ್ರಿ, ಕೂಸಿಗೆ ಜ್ವರಾ ಅದಾವು" ಎಂದಳು. ಶಾಲೆಯ ಕೋಣೆಗಳು ಖಾಲಿ ಇದ್ದವು. ನಿಯಮ ಬಿಡುವುದಿಲ್ಲವಮ್ಮಾ ಎಂದೆ. ನಿಯಮ ಇದ್ದದ್ದು ನಿಜ. ಯಾರನ್ನಾದರೂ ಕೇಳಿ ಅನುಮತಿ ಪಡೆಯಲು ನಾನು ಪ್ರಯತ್ನಿಸಲಿಲ್ಲ ಎಂಬುದೂ ನಿಜ. ಆಕೆ ಹೋದಳು. ನಾನು ಒಳಗೆ ಹೋಗಿ ಅವರಿಗಾಗಿ ಜಪಸರ ಮಾಡಿದೆ.

ನಾಲ್ಕು ವರ್ಷದ ಮೇಲೆ ಬೆಂಗಳೂರಿನ ಆ ಖಾಲಿ ಟಾಕೀಜಿನಲ್ಲಿ ಕುಳಿತು ಅತ್ತೆ. ಅಳುತ್ತಿರುವಾಗಲೇ ಸಂತ ಅಗುಸ್ತೀನರ ನೆನಪಾಯಿತು. 'ಕನ್ಫೆಷನ್ಸ್' ಗ್ರಂಥದ ಮೂರನೆಯ ಭಾಗದಲ್ಲಿ ಅವರು ಕಾರ್ತೇಜಿನಲ್ಲಿ ನಾಟಕ ನೋಡಿ ಅಳುತ್ತಿದ್ದ ತಮ್ಮ ಹರೆಯವನ್ನು ಪರೀಕ್ಷಿಸುತ್ತಾರೆ. ಆಟದ ದುಃಖಕ್ಕೆ ಸಹಾಯ ಮಾಡಬೇಕಾಗಿಲ್ಲ, ದುಃಖಪಟ್ಟರೆ ಸಾಕು. ಹಾಗಾದರೆ ಅದೆಂಥ ಕರುಣೆ ಎಂಬುದು ಅವರ ಪ್ರಶ್ನೆ. ಗುರುಮಠದಲ್ಲಿ ಇದನ್ನು ಓದಿ ಪರೀಕ್ಷೆ ಬರೆದು ಒಳ್ಳೆಯ ಅಂಕ ತೆಗೆದಿದ್ದೆ. ಮತ್ತಾಯನ ಇಪ್ಪತ್ತೈದನೆಯ ಅಧ್ಯಾಯದಲ್ಲಿ ಪ್ರಭು ತಾನು ಅಪರಿಚಿತನಾಗಿ ಬಂದದ್ದನ್ನು ಹೇಳುವಾಗ ನಮ್ಮನ್ನು ಕೇಳುವುದು, ಅತ್ತಿರಾ ಎಂದಲ್ಲ.

2025ರ ನವೆಂಬರ್ 15ರಂದು ಜಗದ್ಗುರು ಹದಿನಾಲ್ಕನೆಯ ಲಿಯೋರವರು ವ್ಯಾಟಿಕನ್ನಿನಲ್ಲಿ ಸಿನೆಮಾದವರನ್ನು ಬರಮಾಡಿಕೊಂಡಾಗ ಊರುಗಳಲ್ಲಿ ಟಾಕೀಜುಗಳು ಮುಚ್ಚುತ್ತಿರುವುದಕ್ಕೆ ಚಿಂತೆ ಪಟ್ಟರು. ತಮಗೆ ಪ್ರಿಯವಾದ ಚಿತ್ರಗಳಲ್ಲಿ 1946ರ 'ಇಟ್ಸ್ ಎ ವಂಡರ್‌ಫುಲ್ ಲೈಫ್' ಒಂದೆಂದು ಅವರು ತಿಳಿಸಿದ್ದರು. ಸಿನೆಮಾಕ್ಕೆ ನೂರು ವರ್ಷ ತುಂಬಿದ 1995ರಲ್ಲಿ ವ್ಯಾಟಿಕನ್ ಹೊರಡಿಸಿದ 45 ಚಿತ್ರಗಳ ಪಟ್ಟಿಯಲ್ಲಿಯೂ ಅದಿದೆ. 'ಗಾಂಧಿ' ಇದೆ, ಕೆಲಸಕ್ಕೆ ಬೇಕಾದ ಸೈಕಲ್ ಕಳೆದುಕೊಂಡ ಬಡ ತಂದೆ ಮಗನ ಇಟಲಿಯ ಚಿತ್ರ 'ಬೈಸಿಕಲ್ ಥೀವ್ಸ್' ಕೂಡ ಇದೆ. 'ಫೋಟೋ' ಚಿತ್ರವನ್ನು ಆ ಸೈಕಲ್ಲಿನ ತಂದೆ ಮಗನ ಪಕ್ಕದಲ್ಲಿ ಇಡಲು ನನಗೆ ಸಂಕೋಚವಿಲ್ಲ.

ಬೆಂಗಳೂರಿನಿಂದ ಬಂದ ಮೇಲೆ ಒಂದು ವಿಷಯ ಕಣ್ಣಿಗೆ ಬಿತ್ತು. ಸುಗ್ಗಿಯಲ್ಲಿ ಕಬ್ಬು ಕಡಿಯುವ ಗ್ಯಾಂಗಿನವರು ನಮ್ಮ ಚರ್ಚಿನ ಹಿಂದಿನ ಬಯಲಿನಲ್ಲಿ ವರ್ಷವರ್ಷವೂ ಗುಡಿಸಲು ಹಾಕುತ್ತಾರೆ. ಎತ್ತಿನ ಗಾಡಿಯ ಗಂಟೆಯ ಸದ್ದು ನನಗೆ ಬೆಳಗಿನ ಜಾವ ಕೇಳಿಸುತ್ತಿತ್ತು, ಅಷ್ಟೇ. ಮುಂದಿನ ಸುಗ್ಗಿಗೆ ಅವರು ಬಂದಾಗ ಯುವಕೂಟದ ನಾಲ್ವರನ್ನು ಕರೆದುಕೊಂಡು ಹೋಗಿ ಏನು ಬೇಕೆಂದು ಕೇಳಿದೆ. ಬಟ್ಟೆ ಬೇಕು, ಹೊದಿಕೆ ಬೇಕು ಎನ್ನುತ್ತಾರೆಂದು ತಿಳಿದು ಆಗಲೇ ಮನೆಮನೆಯಿಂದ ಸಂಗ್ರಹಿಸಲು ಶುರುಮಾಡಿದ್ದೆವು. ಅವರು ಕೇಳಿದ್ದು ನೀರು. ಹೆಂಗಸರು ನಸುಕಿನಲ್ಲಿ ಕಬ್ಬಿನ ಗದ್ದೆಗೆ ಹೋಗುವ ಮುಂಚೆ ಅರ್ಧ ಕಿಲೋಮೀಟರ್ ನಡೆದು ಕೊಡ ತುಂಬಿಕೊಂಡು ಬರುತ್ತಿದ್ದರು. ನಮ್ಮ ನಳ ಹಿಂದಿನ ಗೋಡೆಯ ಈಚೆಗೇ ಇತ್ತು. ಈಗ ಸುಗ್ಗಿ ಮುಗಿಯುವ ತನಕ ಬೆಳಗ್ಗೆ ನಾಲ್ಕಕ್ಕೆ ಹಿಂದಿನ ಗೇಟಿನ ಬೀಗ ತೆಗೆಯುತ್ತೇವೆ. ಕೀಲಿ ಬಸ್ಸಿನಲ್ಲಿ ಆ ಪ್ರಶ್ನೆ ಕೇಳಿದ ಹುಡುಗಿಯ ಮನೆಯಲ್ಲಿರುತ್ತದೆ. ಅವರ ಮನೆ ಗೋಡೆಗೆ ಹತ್ತಿರ.